ಎರವಲು ಹೆಪ್ಪು

ತನ್ನ ಗಂಡನ ಕ್ಯಾನ್ಸರ್ ಚೆನ್ನಾಗಿ ಬೆಳೆಯಲಿ ಎಂದು ಹೆಂಡತಿ ಹರಕೆ ಹೊರುವ ಕಾಲ ಬಂದರೆ ಹೇಗಿರುತ್ತದೆ? ಅದನ್ನು ನೋಡಬೇಕೆಂದಿದ್ದರೆ ಹುಬ್ಬಳ್ಳಿ ಧಾರವಾಡದ ನಡುವೆ ಗುಡ್ಡ ಕಡಿದು ಕಟ್ಟಿದ್ದ ಬಾಯಿ ಮತ್ತು ಗಂಟಲು ಸಂಶೋಧನಾ ಕೇಂದ್ರದ ಪಡಸಾಲೆಗೆ ಹೋಗಬೇಕಿತ್ತು. ಜನ ಅದನ್ನು ಬಾಯಿ ದವಾಖಾನೆ ಅನ್ನುತ್ತಿದ್ದರು. ಗುಟ್ಕಾ ತಿಂದು ಕೆನ್ನೆ ತೂತಾದವರು, ಬೀಡಿ ಸೇದಿ ಗಂಟಲು ಕಟ್ಟಿದವರು, ಎಲೆಯಡಿಕೆಯ ಜೊತೆ ತಂಬಾಕು ಒತ್ತಿಟ್ಟುಕೊಂಡು ದವಡೆ ಕೊಳೆತ ಮುದುಕಿಯರು ಅಲ್ಲಿ ಸಾಲಾಗಿ ಕೂತು ಒಬ್ಬರನ್ನೊಬ್ಬರು ಕೇಳುತ್ತಿದ್ದುದು ಒಂದೇ ಮಾತು.

"ನಿಮ್ಮಂದು ಹಿಡೀತೇನ್ರೀ?"

ಹಿಡಿಯುವುದು ಅಂದರೆ ಇಷ್ಟು. ರೋಗಿಯ ಗಡ್ಡೆಯಿಂದ ಕಾಳಿನಷ್ಟು ಚೂರು ತೆಗೆದು, ಸಣ್ಣಗೆ ಹೆಚ್ಚಿ, ಗುಲಾಬಿ ಬಣ್ಣದ ರಸ ತುಂಬಿದ ಚಪ್ಪಟೆ ಬಾಟಲಿಗೆ ಹಾಕಿ, ಕಾವು ಪೆಟ್ಟಿಗೆಯೊಳಗೆ ಮೈಬಿಸಿಯಲ್ಲಿ ಇಡುತ್ತಿದ್ದರು. ಚೂರಿನ ಜೀವಕೋಶಗಳು ಬಾಟಲಿಯ ತಳಕ್ಕೆ ಅಂಟಿ, ಒಡೆದು, ಹೆಚ್ಚಿ, ಸಾಯುವುದನ್ನೇ ಮರೆತುಬಿಟ್ಟರೆ ಅದೊಂದು ತಳಿ. ಮಾಲೀಕ ಸತ್ತರೂ ತಳಿ ಸಾಯುವುದಿಲ್ಲ. ಹಿಂದೆ ಇಂಥ ಒಂದು ತಳಿ ಕಟ್ಟಲು ತಿಂಗಳುಗಟ್ಟಲೆ ಒದ್ದಾಡುತ್ತಿದ್ದರು, ಹತ್ತರಲ್ಲಿ ಒಂಬತ್ತು ಕೊಳೆತೇ ಹೋಗುತ್ತಿದ್ದವು. ಈ ಪೆಟ್ಟಿಗೆ ಬಂದ ಮೇಲೆ ಕೆಲವೇ ವಾರಗಳ ಮಾತಾಯಿತು. ತಳಿ ಹಿಡಿದ ಮೇಲೆ ಅದನ್ನು ನೂರಾರು ಸಣ್ಣ ಗುಳಿಗಳಿಗೆ ಹಂಚಿ, ಗುಳಿಗೊಂದು ಔಷಧಿ ಬಿಡುವುದು. ಯಾವ ಗುಳಿಯಲ್ಲಿ ಕೋಶಗಳು ಸತ್ತವೋ ಆ ಗುಳಿಯ ಔಷಧಿಯೇ ಆ ರೋಗಿಯ ಔಷಧಿ. ಮೈಗೆ ವಿಷ ಹಾಕಿ ನೋಡುವ ಬದಲು ಬಾಟಲಿಗೆ ಹಾಕಿ ನೋಡುವುದು. ಯೋಚನೆ ಒಳ್ಳೆಯದೇ. ಕೆಟ್ಟದ್ದು ಇದ್ದದ್ದು ಅದಕ್ಕೆ ಅಂಟಿಸಿದ್ದ ನಿಯಮದಲ್ಲಿ. ತಳಿಗಳನ್ನು ಔಷಧಿ ಕಂಪನಿಗಳು ಕೊಳ್ಳುತ್ತಿದ್ದವು, ಅದೇ ದುಡ್ಡಿನಲ್ಲಿ ಹಾಸಿಗೆಗಳು ನಡೆಯುತ್ತಿದ್ದವು. ಹಾಗಾಗಿ ತಳಿ ಹಿಡಿದವರಿಗೆ ಹಾಸಿಗೆ, ಊಟ, ಔಷಧಿ ಎಲ್ಲ ಪುಕ್ಕಟೆ. ಹಿಡಿಯದವರಿಗೆ ಬಾಗಿಲು.

ಫಕೀರಪ್ಪ ಆ ಕೇಂದ್ರದ ಲ್ಯಾಬಿನಲ್ಲಿ ಬಾಟಲಿ ತೊಳೆಯುತ್ತಿದ್ದ. ಎಂಟನೇ ಈಯತ್ತೆಯಲ್ಲಿ ಮಾಸ್ತರನ ಕೈಯಲ್ಲಿನ ಬೆತ್ತ ಕಸಿದು ಮುರಿದು ಹೊರಬಿದ್ದವನು, ಮತ್ತೆ ಶಾಲೆಯ ಕಡೆ ತಲೆ ಹಾಕಿರಲಿಲ್ಲ. ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಈ ಚಳಿಗಾಲದಲ್ಲಿ ಆ ಸಿಟ್ಟನ್ನೆಲ್ಲ ನುಂಗಿಕೊಂಡು ಬೆಳಗಾದರೆ ಕಾವು ಪೆಟ್ಟಿಗೆಯ ಮುಂದೆ ಭಕ್ತನ ಹಾಗೆ ನಿಲ್ಲುತ್ತಿದ್ದ. ಒಳಗಿದ್ದ ಒಂದು ಬಾಟಲಿ ಅವನ ಅಣ್ಣ ಮೈಲಾರಿಯದು.

"ಜಾವೀದಣ್ಣಾ, ಇವತ್ತರ?"

ತಂತ್ರಜ್ಞ ಜಾವೀದ್ ಬಾಟಲಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ್ಣು ಹಾಕಿದ. "ನಿಮ್ಮಣ್ಣಂದು ಮಕ್ಕೊಂಡೈತಪಾ. ಅಲ್ಲೊಂದು ಇಲ್ಲೊಂದು ಅಂಟಕೊಂಡು ಕುಂತಾವ, ಬೆಳ್ಯಾಕ ವಲ್ಲೆ ಅಂತಾವ."

"ಇನ್ನೊಂದೀಟು ರಸಾ ಹಾಕಿ ನೋಡ್ರಿ."

"ರಸಾ ಕುಡಿಸಿದ್ರ ಬೆಳ್ಯಾಕ ಅದೇನು ಹೋರಿ ಏನಲೇ? ಶುಕ್ರವಾರ ಪೆಟ್ಟಿಗಿ ಖಾಲಿ ಮಾಡಬೇಕು, ಮೇಡಂ ಹೇಳ್ಯಾರ. ಈ ಅಜ್ಜೀನ ನೋಡು ಬೇಕಾದ್ರ, ನಿನ್ನೆ ಬಾಟ್ಲಿ ಬದಲಿ ಮಾಡೇನಿ, ಇವತ್ತ ಮತ್ತ ತುಂಬ್ಯಾಳ. ಒಂದಿನಾ ಬಾಟ್ಲಿ ಒಡಕೊಂಡು ಬಂದು ನನ್ನ ಕುರ್ಚಿ ಮ್ಯಾಲ ಕುಂದರ್ತಾಳ."

ಅಜ್ಜಿ ಅಂದರೆ ಕೇಂದ್ರದ ಮೊಟ್ಟಮೊದಲ ತಳಿ. ಹೂಲಿ ಕಡೆಯ ಯಾವುದೋ ಮುದುಕಿಯ ಒಸಡಿನಿಂದ ತೆಗೆದದ್ದು. ಮುದುಕಿ ಸತ್ತು ಎಷ್ಟೋ ವರ್ಷವಾಗಿತ್ತು, ಅವಳ ಹೆಸರು ಲ್ಯಾಬಿನಲ್ಲಿ ಯಾರಿಗೂ ನೆನಪಿರಲಿಲ್ಲ. ಅವಳ ಕ್ಯಾನ್ಸರು ಮಾತ್ರ ಎಲ್ಲಿ ಚೆಲ್ಲಿದರೂ ಹುಟ್ಟುವ ಕಾಂಗ್ರೆಸ್ ಕಸದ ಹಾಗೆ ಬಾಟಲಿ ಬಾಟಲಿ ತುಂಬಿ ಬೆಳೆಯುತ್ತಿತ್ತು.

ಮೈಲಾರಿ ಅಮರಗೋಳದ ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿ ಹರಾಜಿನ ಸವಾಲು ಕೂಗುವವನು. ರಾಶಿಯ ಮೇಲೆ ಕಾಲಿಟ್ಟು ನಿಂತು ಬಾಯಿ ತೆರೆದನೆಂದರೆ ಮೂರನೇ ಸಾಲಿನ ಲಾರಿಯಲ್ಲಿ ಮಲಗಿದ್ದ ಡ್ರೈವರ್ ಎದ್ದು ಕೂರಬೇಕು, ಅಂಥ ಗಂಟಲು. ಕೂಗುವುದರ ನಡುವೆ ಗುಟ್ಕಾ. ನಾಲಿಗೆಯ ಅಂಚಿನಲ್ಲಿ ಬಟಾಣಿಯಷ್ಟು ಹುಣ್ಣಾದಾಗ ಜಿಲ್ಲಾ ಆಸ್ಪತ್ರೆಯ ಸರ್ಜನ್ ನೋಡಿ, ಅರ್ಧ ನಾಲಿಗೆ ತೆಗೆಯಬೇಕು, ಈಗಲೇ ತೆಗೆದರೆ ಬದುಕುತ್ತೀ ಎಂದಿದ್ದ. ಮೈಲಾರಿ ಬಟ್ಟೆ ಕೊಡವಿಕೊಂಡು ಎದ್ದು ಬಂದಿದ್ದ. ಬಾಯಿ ದವಾಖಾನೆಯಲ್ಲಿ ತಳಿ ಹಿಡಿದರೆ ಔಷಧಿಯಿಂದಲೇ ಕರಗಿಸುತ್ತಾರಂತೆ, ನಾಲಿಗೆ ಉಳಿಯುತ್ತದಂತೆ ಎಂದು ಹೇಳಿ ಅವನನ್ನು ಗುಡ್ಡ ಹತ್ತಿಸಿದವನು ಫಕೀರನೇ.

ಗುರುವಾರ ಬೆಳಿಗ್ಗೆ ಅಣ್ಣನ ಮನೆಗೆ ಹೋದಾಗ ಅತ್ತಿಗೆ ನೀಲವ್ವ ಒಲೆಯ ಮುಂದೆ ಗಡಿಗೆಯನ್ನು ಅಲ್ಲಾಡಿಸುತ್ತ ಬೈಯುತ್ತಿದ್ದಳು. ಅಣ್ಣ ಕಂಬಳಿ ಹೊದ್ದು ಗೋಡೆಗೆ ಒರಗಿದ್ದ.

"ಏನಂತಲೇ ನನ್ನ ಬಾಟ್ಲಿ?" ಮೈಲಾರಿಯ ಮಾತು ಆಗಲೇ ತೊದಲುತ್ತಿತ್ತು.

"ನಿದ್ದಿ ಮಾಡಾಕ್ಹತ್ತೇತಂತ."

ಮೈಲಾರಿ ನಕ್ಕ, ನಕ್ಕದ್ದು ನೋವಾಗಿ ದವಡೆ ಹಿಡಿದುಕೊಂಡ. "ನಮ್ಮ ಮನಿತನದ್ದು ಅಲ್ಲೇನ ಮತ್ತ. ಕ್ಯಾನ್ಸರ್ ಸುದ್ದಾ ಸೋಮಾರಿ. ಹೋಗಲಿ ಬಿಡೋ. ಹಿಡೀಲಿಲ್ಲಂದ್ರ ಸೋಮವಾರ ಹೋಗಿ ಕೊಯ್ಸಿಕೊಂಡು ಬರ್ತೀನಿ. ಅರ್ಧ ನಾಲಿಗಿಲೇ ಇಕಿನ್ನ ಬೈಯಾಕ ಆಗೂದಿಲ್ಲ, ಅದೊಂದ ಚಿಂತಿ."

"ಬೈದು ಉದ್ಧಾರ ಮಾಡೀರಿ ಇಷ್ಟ ದಿನಾ," ಎಂದಳು ನೀಲವ್ವ, ಗಡಿಗೆಯಿಂದ ಕಣ್ಣೆತ್ತದೆ. "ಥಂಡಿಗೆ ಹಾಲು ಹೆಪ್ಪ ಆಗವಲ್ದು ನೋಡ. ನಮ್ಮ ಹೆಪ್ಪು ಸತ್ತ ಹೋಗೇತಿ. ಫಕೀರಾ, ಬಾಜೂಮನಿ ಹುಲಿಗೆವ್ವನ ಕಡೆ ಒಂದ ಚಮಚಾ ಹೆಪ್ಪು ಇಸಕೊಂಡು ಬಾ. ಆಕಿ ಮನಿ ಮೊಸರು ಕಲ್ಲಿನಂಗ ಆಗತೈತಿ."

ಫಕೀರ ಹೋಗಿ ಬಟ್ಟಲಲ್ಲಿ ಹೆಪ್ಪು ತಂದ. ನೀಲವ್ವ ಅದನ್ನು ಬೆಚ್ಚನೆಯ ಹಾಲಿಗೆ ಬಿಟ್ಟು, ಚಮಚ ತಿರುಗಿಸಿ, ಗಡಿಗೆಗೆ ಹಳೆಯ ಶಾಲು ಸುತ್ತಿದಳು. "ಇನ್ನ ಆಗತೈತಿ, ಯಾಕಾಗೂದಿಲ್ಲ. ಹಾಲು ನಮ್ಮದ, ಹೆಪ್ಪಷ್ಟ ಬ್ಯಾರೇದವರದು," ಎಂದಳು.

ಫಕೀರ ಆ ಗಡಿಗೆಯನ್ನೇ ನೋಡುತ್ತ ನಿಂತ. ಕಾವು, ಬೆಚ್ಚಗಿನ ರಸ, ಹೆಪ್ಪಾಗಲೊಲ್ಲದ ಹಾಲು. ಅವನ ತಲೆಯಲ್ಲಿ ಏನೋ ಒಂದು ಚಕ್ಕನೆ ಕೂಡಿಕೊಂಡಿತು. ಹುಲಿಗೆವ್ವನ ಹೆಪ್ಪು ಹಾಕಿದರೆ ನಮ್ಮ ಹಾಲು ಹುಲಿಗೆವ್ವನದಾಗುತ್ತದೆಯೇ? ನಮ್ಮದೇ ಮೊಸರಾಗುತ್ತದೆ. ನೂರು ಮನೆಯಲ್ಲಿ ನೂರು ವರ್ಷದಿಂದ ನಡೆದು ಬಂದದ್ದು ಇದು. ಮೋಸ ಎಲ್ಲಿಂದ ಬಂತು ಇದರಲ್ಲಿ?

ಅಂದು ಮಧ್ಯಾಹ್ನ ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ನಳಿನಿ ಬೆಳವಡಿಯವರಿಗೆ ದಿಲ್ಲಿಯಲ್ಲಿ ಯಾವುದೋ ಪ್ರಶಸ್ತಿ ಬಂದ ಖುಷಿಗೆ ಕ್ಯಾಂಟೀನಿನಲ್ಲಿ ಕೇಕು ಕತ್ತರಿಸಿದರು. ಲ್ಯಾಬಿನವರೆಲ್ಲ ಚಪ್ಪಾಳೆ ತಟ್ಟಲು ಹೋದರು. ಫಕೀರ ಕೈ ತೊಳೆದುಕೊಂಡ, ಕೈಗವಸು ಹಾಕಿಕೊಂಡ, ಜಾವೀದ್ ಮಾಡುವುದನ್ನು ದಿನಾ ನೋಡಿದ್ದಂತೆ ಗಾಜಿನ ನಳಿಕೆಯಿಂದ ಅಜ್ಜಿಯ ಬಾಟಲಿಯ ರಸ ಒಂದೇ ಒಂದು ಹನಿ ಹೀರಿ ಅಣ್ಣನ ಬಾಟಲಿಗೆ ಬಿಟ್ಟ. ಮೆಲ್ಲಗೆ ಅಲುಗಿಸಿದ. ಪೆಟ್ಟಿಗೆಯ ಬಾಗಿಲು ಮುಚ್ಚುವಾಗ ಬಾಯಲ್ಲಿ ಅಂದದ್ದು ಇಷ್ಟೇ, "ಏಳಣ್ಣಾ, ಸಾಕಿನ್ನ ಮಕ್ಕೊಂಡಿದ್ದು."

ಶುಕ್ರವಾರ ಬಾಟಲಿ ನೋಡಿದ ಜಾವೀದ್ ಹುಬ್ಬೇರಿಸಿದ. ಏನೋ ಮಿಸುಕಾಡಾಕ್ಹತ್ತೇತಿ, ಸೋಮವಾರದ ತನಕ ಇರಲಿ ಎಂದ. ಸೋಮವಾರ ಬಾಟಲಿಯ ತಳದಲ್ಲಿ ಜಾಗವೇ ಉಳಿದಿರಲಿಲ್ಲ.

"ಹಿಡದೈತಲೇ ಫಕೀರ್ಯಾ! ನಿಮ್ಮಣ್ಣ ಗೆದ್ದ!"

ಕೊಯ್ಸಿಕೊಳ್ಳಲು ಸಂಜೆ ಬಸ್ಸಿಗೆ ಹೊರಡಬೇಕಿದ್ದ ಮೈಲಾರಿಗೆ ಅದೇ ದಿನ ಹಾಸಿಗೆ ಸಿಕ್ಕಿತು. ನೀಲವ್ವ ಪಡಸಾಲೆಯಲ್ಲಿ ಕೂತವರಿಗೆಲ್ಲ ಪೇಢೆ ಹಂಚಿದಳು. ಹಿಡಿಯದವರೂ ತೆಗೆದುಕೊಂಡು ಬಾಯಿಗೆ ಹಾಕಿಕೊಂಡು, ನಿಮ್ಮ ಪುಣ್ಯಾರೀ ತಾಯಿ ಎಂದರು. ತಳಿಯ ಬಾಟಲಿಗೆ ಮೈಲಾರಿಯ ಹೆಸರು ಬಿತ್ತು. ಗುಳಿಗಳಿಗೆ ಹಂಚಿ ನೋಡಿ ಒಂದು ಔಷಧಿ ಆರಿಸಿದರು. ಹಳದಿ ಬಣ್ಣದ ಆ ಔಷಧಿ ಕೈಯ ನರದೊಳಗೆ ತೊಟ್ಟು ತೊಟ್ಟಾಗಿ ಇಳಿಯತೊಡಗಿತು.

ಮೊದಲು ಕೂದಲು ಹೋಯಿತು. ಆಗುವುದೇ ಹಾಗೆ ಎಂದರು. ಆಮೇಲೆ ಉಗುರು ಕಪ್ಪಾದವು, ಬಾಯೊಳಗಿನ ಚರ್ಮ ಸುಲಿದು ನೀರು ಕುಡಿದರೂ ಚೀರುವಂತಾಯಿತು. ಔಷಧಿ ಕೆಲಸ ಮಾಡುತ್ತಿದೆ ಅಂತ ಅರ್ಥ ಎಂದರು. ಸಂಕ್ರಾಂತಿ ದಾಟಿತು, ಹೋಳಿ ಬಂತು. ಅಷ್ಟರಲ್ಲಿ ಬಟಾಣಿಯಷ್ಟಿದ್ದದ್ದು ನಾಲಿಗೆಯ ಬುಡಕ್ಕಿಳಿದು, ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಂಟಾಗಿ ಎದ್ದಿತ್ತು. ಸವಾಲು ಕೂಗುತ್ತಿದ್ದವನ ಬಾಯಿಂದ ಈಗ ಬರುತ್ತಿದ್ದದ್ದು ಜೊಲ್ಲು ಮಾತ್ರ. ನೀಲವ್ವ ಸೆರಗಿನಲ್ಲಿ ಒರೆಸಿ ಒರೆಸಿ, "ಇನ್ನೆರಡ ಬಾಟ್ಲಿ ಏರಿದ್ರ ಕರಗತೈತಂತ," ಎಂದು ತನಗೇ ಹೇಳಿಕೊಳ್ಳುತ್ತಿದ್ದಳು.

ಬಾಟಲಿಯಲ್ಲಿ ಅಣ್ಣನ ತಳಿಯನ್ನು ಒಂದೇ ದಿನದಲ್ಲಿ ಕೊಂದ ಔಷಧಿ ಅಣ್ಣನ ಬಾಯಲ್ಲಿ ಏನನ್ನೂ ಕೊಲ್ಲುತ್ತಿಲ್ಲವಲ್ಲ, ಯಾಕೆ? ಆ ಪ್ರಶ್ನೆ ಫಕೀರನನ್ನು ಇಲಿಯ ಹಾಗೆ ಕಡಿಯತೊಡಗಿತು. ಒಂದು ದಿನ ತಾಳಲಾರದೆ ಬೆಳವಡಿ ಮೇಡಮ್ಮನ ಕೋಣೆಗೆ ನುಗ್ಗಿದ.

"ಮೇಡಂ, ನಮ್ಮಣ್ಣನ ಬಾಟ್ಲಿಗೆ ನಾ ಹೆಪ್ಪು ಹಾಕೇನ್ರಿ."

"ಏನು ಹಾಕೀ?"

"ಹೆಪ್ಪುರೀ. ಅಜ್ಜಿ ಬಾಟ್ಲ್ಯಾಂದು ಒಂದ ಹನಿ. ಅದು ಏಳವಲ್ದಾಗಿತ್ತಲ್ರೀ, ಅದಕ್ಕ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆ, ಪೊಲೀಸರನ್ನು ಕರೆಯುತ್ತಾರೆ ಎಂದುಕೊಂಡಿದ್ದ ಫಕೀರ. ಅವರು ಬೈಯಲಿಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದರು. "ಅದು ಹಾಲು ಅಲ್ಲೋ ಹುಚ್ಚಾ. ಹೆಪ್ಪು ಹಾಲನ್ನ ಮೊಸರು ಮಾಡ್ತದ. ಅಜ್ಜಿ ಹಂಗ ಅಲ್ಲ. ಆಕಿ ಹೊಕ್ಕಲ್ಲೆ ಉಳಿದವರಿಗೆ ಕೂಳು ಬಿಡೂದಿಲ್ಲ, ಜಾಗಾ ಬಿಡೂದಿಲ್ಲ. ನಾಕು ದಿನದಾಗ ಆ ಬಾಟಲ್ಯಾಗ ನಿಮ್ಮಣ್ಣಂದು ಒಂದು ಕೋಶನೂ ಉಳಿದಿರೂದಿಲ್ಲ. ಇದ್ದದ್ದೆಲ್ಲ ಆಕಿನೇ."

"ಅಂದ್ರ ಆ ಔಷಧಿ..."

"ಅಜ್ಜೀದು."

ಮೇಡಂ ಅವನನ್ನು ಕೂರಲು ಹೇಳಿ, ಮೂಲೆಯಲ್ಲಿ ಮುಸುಕು ಹೊದ್ದು ಕೂತಿದ್ದ ಒಂದು ಯಂತ್ರದ ಬಟ್ಟೆ ತೆಗೆದರು. ಯಾವ ತಳಿ ಯಾರದೆಂದು ಗುರುತು ಹಚ್ಚುವ ಯಂತ್ರ. ಪ್ರತಿ ತಳಿಯನ್ನೂ ಅದರಲ್ಲಿ ಹಾಯಿಸಬೇಕೆಂಬುದು ಪುಸ್ತಕದ ಮಾತು. ಆದರೆ ಕೊಳ್ಳುವ ಕಂಪನಿಗಳು ಕೇಳಿರಲಿಲ್ಲ, ಇವರಿಗೆ ಪುರಸೊತ್ತಿರಲಿಲ್ಲ. ಮೈಲಾರಿಯ ತಳಿ ಹಾಕಿದರು. ಅಜ್ಜಿ. ಹೋಲಿಸಿ ನೋಡಲೆಂದು ಪಕ್ಕದ ಬಾಟಲಿಯದನ್ನೂ ಹಾಕಿದರು. ಅದೂ ಅಜ್ಜಿ. ಫ್ರೀಜರಿನಿಂದ ಇನ್ನೊಂದು, ಮತ್ತೊಂದು ತೆಗೆದರು. ಗದಗಿನ ಟೇಲರನದು, ಕುಂದಗೋಳದ ಬೀಡಿ ಕಟ್ಟುವ ಹೆಂಗಸಿನದು, ಇಪ್ಪತ್ತು ದಾಟದ ಕಾಲೇಜು ಹುಡುಗನದು. ಹೆಸರು ಬೇರೆ ಬೇರೆ. ಒಳಗೆ ಅದೇ ಹೂಲಿಯ ಮುದುಕಿ.

"ಎಷ್ಟು ಬಾಟಲಿಗೆ ಹಾಕೀದಿ? ಖರೇ ಹೇಳು."

"ಒಂದಕ್ಕರೀ. ನಮ್ಮವ್ವನ ಆಣಿ, ಒಂದಕ್ಕ."

ಮೇಡಮ್ಮನಿಗೆ ತಿಳಿಯಿತು, ಫಕೀರನಿಗೂ ತಿಳಿಯಿತು. ಅವನು ಬೇಕೆಂದು ಒಮ್ಮೆ ಮಾಡಿದ್ದನ್ನು ಲ್ಯಾಬಿನವರು ಅವಸರಕ್ಕೆ ವರ್ಷಗಟ್ಟಲೆ ಮಾಡಿದ್ದರು. ಒಂದೇ ರಸದ ಶೀಶೆ ಎಲ್ಲ ಬಾಟಲಿಗೂ. ಅಜ್ಜಿಯನ್ನು ಮುಟ್ಟಿದ ನಳಿಕೆ ಮುಂದಿನ ಬಾಟಲಿಗೂ. ಕಣ್ಣಿಗೆ ಕಾಣದಷ್ಟು ಸಿಡಿದ ಒಂದು ಹನಿ ಸಾಕಿತ್ತು ಅವಳಿಗೆ. ಇಷ್ಟು ಜಾಸ್ತಿ ತಳಿಗಳು ಹಿಡಿಯುತ್ತಿವೆ ಎಂದು ಪ್ರಶಸ್ತಿ ಬಂದಿತ್ತಲ್ಲ, ಹಿಡಿಯುತ್ತಿದ್ದದ್ದು ಒಬ್ಬಳೇ. ಅಜ್ಜಿಯನ್ನು ಕೊಲ್ಲುವ ಔಷಧಿಯನ್ನು ಅಜ್ಜಿ ಇಲ್ಲದ ಮೈಗಳಿಗೆ ಸಾಲಾಗಿ ಏರಿಸುತ್ತಿದ್ದರು.

"ನಮ್ಮಣ್ಣನ ಔಷಧಿ ನಿಲ್ಲಸ್ರಿ," ಎಂದ ಫಕೀರ. "ಈಗಿಂದೀಗ. ಕೊಯ್ಯಾಕ ಕಳಸ್ರಿ."

"ನಿಲ್ಲಿಸಿದರೂ ಉಪಯೋಗಿಲ್ಲ, ಈಗ ಕುತ್ತಿಗಿಗೆ ಇಳದದ. ಯಾವ ಸರ್ಜನ್ನೂ ಮುಟ್ಟೂದಿಲ್ಲ." ಹೇಳಬಾರದಿತ್ತೇನೋ ಎಂಬಂತೆ ಸೇರಿಸಿದರು. "ಬಾಟಲ್ಯಾಗ ಹಿಡೀದೇ ಇರೋವು ಎಷ್ಟೋ ಸಲ ಸಾವಕಾಶ ಬೆಳೆಯೋವು ಇರ್ತಾವ. ಆವಾಗ ಕೊಯ್ದಿದ್ದರ..."

ಅರ್ಧ ನಾಲಿಗೆಯ ಮೈಲಾರಿ ಫಕೀರನ ಕಣ್ಣ ಮುಂದೆ ಬಂದು ನಿಂತ, ತೊದಲುತ್ತ, ನಗುತ್ತ, ನೀಲವ್ವನನ್ನು ಬೈಯಲಾರದೆ ಕೈ ಬೀಸುತ್ತ. ಬದುಕಿದ್ದ.

"ಹಂಗಾರ ಉಳದವರಿಗೆ ಹೇಳ್ರಿ. ಎಲ್ಲಾರಿಗೂ."

"ಹೇಳಿದರ ನಾಳೆ ಕಂಪನಿಗಳು ಎದ್ದು ಹೋಗ್ತಾವ. ಹಾಸಿಗಿ ಖಾಲಿ ಆಗ್ತಾವ. ಇಲ್ಲೆ ಇವರಿಗೆ ನೋವಿಗೆ ಒಂದು ಸೂಜಿನಾದರೂ ಸಿಗ್ತದ ಫಕೀರಪ್ಪ, ಹೊರಗ ಅದೂ ಇಲ್ಲ. ನಾನು ನಿಧಾನಕ್ಕ ಸರಿ ಮಾಡ್ತೀನಿ. ನೀ ಸುಮ್ಮನಿರು."

ಸುಮ್ಮನಿರುವ ಜಾತಿಯವನಲ್ಲ ಅವನು. ನೆಟ್ಟಗೆ ಪಡಸಾಲೆಗೆ ಬಂದು ಬೆಂಚಿನ ಮೇಲೆ ಹತ್ತಿ ನಿಂತು ಕೂಗಿದ. "ಏಳ್ರೀ ಎಲ್ಲಾರೂ! ಹಿಡದೈತಿ ಅಂತಾರಲ್ಲ, ಎಲ್ಲಾ ಸುಳ್ಳು! ಅದು ನಿಮ್ಮದಲ್ಲ, ಯಾವುದೋ ಮುದುಕೀದು! ಔಷಧಿ ತಗೋಬ್ಯಾಡ್ರಿ! ಹುಣ್ಣು ಸಣ್ಣದಿದ್ದವರು ಓಡಿ ಹೋಗಿ ಕೊಯ್ಸಿಕೊಳ್ರಿ!"

ಯಾರೋ, "ಕುಡದ ಬಂದಾನ," ಎಂದರು. "ಇವನ ಅಣ್ಣಂದು ಕೆಡತಂತ, ಅದಕ್ಕ ನಮ್ಮವರದು ಕೆಡಸಾಕ ಬಂದಾನ," ಎಂದ ಇನ್ನೊಬ್ಬ. ಆಗಷ್ಟೇ ಗಂಡನದು ಹಿಡಿದು, ಪೇಢೆಯ ಡಬ್ಬಿ ಹಿಡಿದು ಸಾಲಿನ ನಡುವೆ ನಿಂತಿದ್ದ ಸವಣೂರಿನ ಹೆಂಗಸಿನ ಡಬ್ಬಿಯನ್ನು ಫಕೀರ ಬೆಂಚಿನಿಂದ ಜಿಗಿದು ಕಸಿದುಕೊಂಡ.

"ಹಂಚಬ್ಯಾಡವ್ವಾ! ನಿನ್ನ ಗಂಡಂದು ಅಲ್ಲ ಅದು, ಕೇಳು!"

ಅವಳು ಅವನ ಕೆನ್ನೆಗೆ ಬಾರಿಸಿದಳು. "ಹಾಸಿಗಿ ಸಿಕ್ಕೈತಲೇ ನನ್ನ ಗಂಡಗ! ಆರು ತಿಂಗಳ ಆ ನೆಲದ ಮ್ಯಾಲ ಮಕ್ಕೊಂಡೇವಿ! ಅದನ್ನೂ ಕಸೀತಿಯೇನು, ಬಾಡ್ಯಾ?" ಅಷ್ಟು ಸಾಕಾಯಿತು ಉಳಿದವರಿಗೆ. ಕೆನ್ನೆ ತೂತಾದವರು, ಮೂಗಿಗೆ ನಳಿಕೆ ಹಾಕಿಕೊಂಡವರು, ಅವರ ಮಕ್ಕಳು, ಎಲ್ಲರೂ ಮೇಲೆ ಬಿದ್ದರು. ಕಾವಲುಗಾರರು ಬಂದು ಬಿಡಿಸದಿದ್ದರೆ ಅವನನ್ನೂ ಒಂದು ಹಾಸಿಗೆಗೆ ಹಾಕಬೇಕಾಗುತ್ತಿತ್ತು.

ಒಡೆದ ತುಟಿಯಲ್ಲೇ ಅಣ್ಣನ ಹತ್ತಿರ ಹೋದ. ನೀಲವ್ವ ಬಟ್ಟೆ ಒಗೆಯಲು ಹೋಗಿದ್ದಳು. ಹಾಸಿಗೆಯ ಪಕ್ಕ ಕೂತು ಎಲ್ಲವನ್ನೂ ಹೇಳಿದ, ಹನಿಯಿಂದ ಹಿಡಿದು ಏಟಿನ ತನಕ. ಮೈಲಾರಿ ಕಣ್ಣು ಮುಚ್ಚದೆ ಕೇಳಿದ. ಹೊಡೆಯಲೆಂದು ಕೈಯೆತ್ತಿದನೋ, ತಲೆ ಸವರಲೆಂದು ಎತ್ತಿದನೋ, ಕೈ ಅರ್ಧಕ್ಕೇ ಹಾಸಿಗೆಯ ಮೇಲೆ ಬಿತ್ತು. ಆಮೇಲೆ ಇಷ್ಟಿಷ್ಟೇ ಉಸಿರು ಕೂಡಿಸಿಕೊಂಡು ಏನೋ ಅಂದ. ಫಕೀರ ಬಾಯಿಯ ಹತ್ತಿರ ಕಿವಿ ಇಟ್ಟ.

"ಆಕಿ... ಮುಂದ... ಅನಬ್ಯಾಡ."

ನೀಲವ್ವನ ಕಿವಿಗೆ ಬಿದ್ದದ್ದು ಮೈದುನ ಕುಡಿದು ಗದ್ದಲ ಮಾಡಿದ ಎಂಬಷ್ಟೇ. ಯುಗಾದಿಗೆ ಮೊದಲು ಮೈಲಾರಿ ಹೋದ. ಔಷಧಿಯ ಬಾಟಲಿ ಇನ್ನೂ ಅರ್ಧ ಉಳಿದಿತ್ತು.

ಫಕೀರನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಹೊರಗೆ ಹೋಗಿ ಬಾಯಿ ಬಿಡುತ್ತಾನೆಂಬುದು ಬೆಳವಡಿ ಮೇಡಮ್ಮನಿಗೆ ಗೊತ್ತಿತ್ತು. ಬಿಳಿ ಕೋಟು ಕೊಟ್ಟು ಸಹಾಯಕನನ್ನಾಗಿ ಮಾಡಿದರು. ಕೋಟನ್ನು ಮುಖದ ಮೇಲೆ ಎಸೆದು ಬರಬೇಕೆಂದು ಅವನು ರಾತ್ರಿಯೆಲ್ಲ ಹಲ್ಲು ಕಡಿದ. ಬೆಳಿಗ್ಗೆ ನೀಲವ್ವ ಹಿಟ್ಟು ಬೇಳೆ ತೀರಿದ ಖಾಲಿ ಡಬ್ಬಿಗಳನ್ನು ಬಿಸಿಲಿಗೆ ಬೋರಲು ಹಾಕುತ್ತಿದ್ದದ್ದನ್ನು ನೋಡಿ ಕೋಟು ತೊಟ್ಟುಕೊಂಡ. ಮೇಡಂ ನಿಧಾನಕ್ಕೆ ಸರಿ ಮಾಡುತ್ತೇನೆ ಅಂದದ್ದು ಅಷ್ಟೇ ನಿಧಾನಕ್ಕೆ ಮರೆತುಹೋಯಿತು. ಪಡಸಾಲೆಯಲ್ಲಿ ಪೇಢೆ ಹಂಚುವುದು ನಡೆದೇ ಇತ್ತು.

ಮಳೆಗಾಲ ಮುಗಿದ ಮೇಲೆ ಕೇಂದ್ರದವರು ತಳಿ ಕೊಟ್ಟು ತೀರಿಹೋದವರ ಮನೆಯವರನ್ನೆಲ್ಲ ಕರೆಸಿ ಸನ್ಮಾನ ಇಟ್ಟುಕೊಂಡರು. ಮೈಲಾರಿಯ ಹೆಸರಿನ ತಳಿ ಆ ವರ್ಷ ದೇಶದ ಹೊರಗೂ ಹೋಗಿ ಬಹಳ ಹೆಸರು ಮಾಡಿತ್ತು. ನೀಲವ್ವನಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಆಮೇಲೆ ಫೋಟೋದವನ ಜೊತೆ ಲ್ಯಾಬಿಗೆ ಕರೆತಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು.

"ನೋಡ್ರಿ ಅಮ್ಮಾ. ನಿಮ್ಮ ಯಜಮಾನರು," ಎಂದರು ಮೇಡಂ.

ನೀಲವ್ವ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಮೊದಲು ಏನೂ ಕಾಣಲಿಲ್ಲ. ಫಕೀರ ಗುಂಡಿ ತಿರುಗಿಸಿ ಕೊಟ್ಟ.

"ಅಯ್ಯ! ಎಷ್ಟ ಮಂದಿ ಅದಾರೋ!" ನೀಲವ್ವ ತಟ್ಟನೆ ತಲೆಯೆತ್ತಿ ಅವನ ಮುಖ ನೋಡಿದಳು. "ಎಲ್ಲಾ ಅವರೇ ಏನೋ?"

ಜಾವೀದ್ ಗೋಡೆಯ ಕಡೆ ತಿರುಗಿದ. ಮೇಡಂ ಕನ್ನಡಕ ಒರೆಸತೊಡಗಿದರು.

"ಹೂಂ ವೈನಿ. ಎಲ್ಲಾ ಅಣ್ಣನ."

"ಜೀವಂತ?"

"ಜೀವಂತ."

"ಮನ್ಯಾಗ ಒಬ್ಬರ ಕಾಟಾ ತಡ್ಯಾಕ ಆಗ್ತಿದ್ದಿಲ್ಲ," ಎಂದು ನೀಲವ್ವ ನಕ್ಕಳು. ನಗುನಗುತ್ತಲೇ ಅವಳ ಮೂಗು ಕೆಂಪಾಯಿತು, ಕಣ್ಣು ತುಂಬಿ ಹರಿಯಿತು. ಶಾಲನ್ನು ಸರಿಸಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮತ್ತೆ ಬಗ್ಗಿ ಕಣ್ಣಿಟ್ಟು, ಬೇರೆಯವರಿಗೆ ಕೇಳಿಸಬಾರದೆಂಬಂತೆ ಮೆಲ್ಲಗೆ ಕೇಳಿದಳು.

"ಊಟಾ ಮಾಡೀರೇನ್ರಿ?"

ಗಾಜಿನ ಕೆಳಗೆ ಹೂಲಿಯ ಮುದುಕಿ ಒತ್ತೊತ್ತಾಗಿ ಕೂತು ಗುಲಾಬಿ ರಸ ಹೀರುತ್ತಿದ್ದಳು.

"ಹಂಗ ಇರ್ರಿ ಅಮ್ಮಾ, ಅಲುಗಬ್ಯಾಡ್ರಿ, ಭಾಳ ಚಲೋ ಬರ್ತದ," ಎಂದ ಫೋಟೋದವನು. ಬೆಳವಡಿ ಮೇಡಂ ನೀಲವ್ವನ ಹೆಗಲ ಮೇಲೆ ಕೈಯಿಟ್ಟು ನಿಂತರು. "ಫಕೀರಪ್ಪ, ನೀನೂ ಬಾ," ಎಂದು ಕರೆದರು. "ಬಾ ಈ ಕಡೆ. ಒಂದೀಟು ನಗು."

ಫಕೀರ ಕೋಟಿನ ಗುಂಡಿ ಹಾಕಿಕೊಂಡು ಅತ್ತಿಗೆಯ ಹಿಂದೆ ನಿಂತು ನಕ್ಕ.